ಬ್ರಷ್‌ಗಿಂತ ಮೊದಲು ಮಿಶ್ರಿ ಬಿಡಿಸಿ

ಮಣ್ಣೂರಿನ ಸಹೋದರಿ, ಅವ್ವನ ವಸಡಿನಲ್ಲಿ ರಕ್ತ ಬರುತ್ತದೆ, ಎಲೆಕ್ಟ್ರಿಕ್ ಬ್ರಷ್ ಕೊಡಿಸಲೇ ಎಂದು ಕೇಳಿದ್ದೀರಿ. ಕೊಡಿಸಿ. ಆದರೆ ಮೊದಲು ಅವರು ಮಿಶ್ರಿ ಉಜ್ಜುವುದು ನಿಲ್ಲಲೇಬೇಕು. ಹಲ್ಲು ಗಟ್ಟಿಯಾಗುತ್ತದೆ ಎಂದು ನಂಬಿ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಅದನ್ನು ತಿಕ್ಕುತ್ತಾರೆ. ಅದು ಹುರಿದ ತಂಬಾಕಿನ ಪುಡಿ. ಅದರಿಂದ ವಸಡು ಹಿಂದೆ ಸರಿದು ಹಲ್ಲಿನ ಬೇರು ತೆರೆದುಕೊಳ್ಳುತ್ತದೆ, ತಣ್ಣೀರು ತಾಗಿದರೆ ಜುಂ ಎನ್ನುತ್ತದೆ. ಬಾಯಿ ಕ್ಯಾನ್ಸರ್‌ಗೂ ಅದೇ ದಾರಿ.

ಬ್ರಷ್‌ನಲ್ಲಿ ಮುಖ್ಯವಾದದ್ದು ಪ್ರೆಷರ್ ಸೆನ್ಸರ್. ಬೆರಳಿನಿಂದ ತಿಕ್ಕಿ ರೂಢಿಯಾದ ಕೈ ಒತ್ತಿಯೇ ಒತ್ತುತ್ತದೆ, ಆಗ ಸೆನ್ಸರ್ ಎಚ್ಚರಿಸುತ್ತದೆ. ಮೃದು ಎಳೆಗಳ ಸಣ್ಣ ತಲೆ, 2 ನಿಮಿಷದ ಟೈಮರ್ ಇದ್ದರೆ ಸಾಕು. ಬ್ಲೂಟೂತ್‌ಗೆ ದುಡ್ಡು ಸುರಿಯಬೇಡಿ. ತಲೆಯನ್ನು 3 ತಿಂಗಳಿಗೊಮ್ಮೆ ಬದಲಿಸಬೇಕು, ಅದು ಅಫಜಲಪುರದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿಯೇ ಕೊಳ್ಳಿ. ವಸಡಿನ ಅಂಚಿಗೆ ಮೆಲ್ಲಗೆ ಹಿಡಿದು ಒಂದೊಂದೇ ಹಲ್ಲಿಗೆ ಸರಿಸಲಿ, ಉಜ್ಜುವ ಕೆಲಸ ಯಂತ್ರದ್ದು.

ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ ಕಾಕ್ರೇನ್ ಸಂಸ್ಥೆಯ 2014ರ ಪರಾಮರ್ಶೆಯ ಪ್ರಕಾರ, ಎಲೆಕ್ಟ್ರಿಕ್ ಬ್ರಷ್ಷನ್ನು 3 ತಿಂಗಳಿಗೂ ಹೆಚ್ಚು ಬಳಸಿದವರಲ್ಲಿ ಸಾದಾ ಬ್ರಷ್‌ನವರಿಗಿಂತ ಹಲ್ಲಿನ ಪಾಚಿ 21%, ವಸಡಿನ ಉರಿಯೂತ 11% ಕಡಿಮೆ. ಆದರೆ ಗಟ್ಟಿಯಾದ ಪಾಚಿಯನ್ನು ಯಾವ ಬ್ರಷ್ಷೂ ತೆಗೆಯದು. ಕಲಬುರಗಿಯ ಎಸ್. ನಿಜಲಿಂಗಪ್ಪ ದಂತ ವಿಜ್ಞಾನ ಸಂಸ್ಥೆಯಂಥ ಕಡೆ ಸ್ವಚ್ಛ ಮಾಡಿಸಿ. ಸಕ್ಕರೆ ಕಾಯಿಲೆಯಿಂದಲೂ ವಸಡು ಕೆಡಬಹುದು, ಹಾಗಾಗಿ ರಕ್ತದ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ.