ಮಾದರಿ ರೈಲಿಗೆ ತಕ್ಕ ಆಸಿಲೋಸ್ಕೋಪು

ಮೇಜಿನ ಮೇಲೆ ಹಳಿ ಹಾಸಿ ಪುಟ್ಟ ರೈಲನ್ನು ಓಡಿಸುವುದು ಬರಿಯ ಮಕ್ಕಳಾಟವೆಂದು ಹಲವರು ಎಣಿಸುವುದುಂಟು. ಆದರೆ ಆ ಹಳಿಗಳಲ್ಲಿ ವಿದ್ಯುಚ್ಛಕ್ತಿಯೊಡನೆ ಆಜ್ಞೆಗಳೂ ಹರಿಯಬಲ್ಲವು. ರೈಲು ತಟಕ್ಕನೆ ನಿಂತರೆ ದೋಷವು ಎಂಜಿನಿನಲ್ಲಿದೆಯೋ ಆಜ್ಞೆಯಲ್ಲಿದೆಯೋ ಎಂಬುದನ್ನು ಕಣ್ಣಿಗೆ ತೋರಿಸುವ ಸಾಧನವೇ ಆಸಿಲೋಸ್ಕೋಪು. ಅಂಗಡಿಯಲ್ಲಿ ಇದರ ಬಗೆಗಳು ಹತ್ತಾರು. ಯಾವುದನ್ನು ಕೊಳ್ಳಬೇಕು? ಅಳೆಯಬೇಕಾದುದು ಏನೆಂಬುದನ್ನು ಮೊದಲು ಅರಿತುಕೊಂಡರೆ ಉತ್ತರವು ತಾನಾಗಿಯೇ ದೊರಕುತ್ತದೆ.

ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1994ರಲ್ಲಿ ಅಂಗೀಕರಿಸಿದ ಡಿ.ಸಿ.ಸಿ. ಪದ್ಧತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರಲ್ಲಿ ಎರಡು ಹಳಿಗಳ ನಡುವಣ ವೋಲ್ಟೇಜು ಮತ್ತೆ ಮತ್ತೆ ದಿಕ್ಕು ಬದಲಿಸುತ್ತದೆ. ಅಲೆಯ ಪ್ರತಿಯೊಂದು ಅರ್ಧವೂ 58 ಮೈಕ್ರೋಸೆಕೆಂಡು ಇದ್ದರೆ ಅದು ‘1’. ಸಾಮಾನ್ಯವಾಗಿ 100 ಮೈಕ್ರೋಸೆಕೆಂಡು ಇದ್ದರೆ ಅದು ‘0’. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಕನಿಷ್ಠ 14 ‘1’ಗಳ ಪೀಠಿಕೆಯ ಬಳಿಕ ಎಂಜಿನಿನ ವಿಳಾಸ, ಆಜ್ಞೆ, ತಪ್ಪನ್ನು ಪತ್ತೆ ಹಚ್ಚುವ ಸಂಖ್ಯೆ ಎಂಬ ಮೂರು ಬೈಟುಗಳು ಬರುತ್ತವೆ. ಇಂಥ ಒಂದು ಆದೇಶಕ್ಕೆ ಸುಮಾರು 6 ಮಿಲಿಸೆಕೆಂಡು ಸಾಕು.

ಈಗ ಲೆಕ್ಕ ಹಾಕೋಣ. ಆಸಿಲೋಸ್ಕೋಪಿನ ಹೆಗ್ಗಳಿಕೆಯೆಂದು ಮಾರಾಟಗಾರರು ಸಾರುವುದು ಅದರ ಬ್ಯಾಂಡ್‌ವಿಡ್ತನ್ನು. 0.35ನ್ನು ಬ್ಯಾಂಡ್‌ವಿಡ್ತಿನಿಂದ ಭಾಗಿಸಿದರೆ, ಅಲೆಯ ಏರಿಕೆಯನ್ನು ಆ ಯಂತ್ರವು ಎಷ್ಟು ಬೇಗ ತೋರಬಲ್ಲದೆಂಬುದು ತಿಳಿಯುತ್ತದೆ. 20 ಮೆಗಾಹರ್ಟ್ಸಿನ ಯಂತ್ರಕ್ಕೆ ಇದು 17.5 ನ್ಯಾನೋಸೆಕೆಂಡು. ನಮ್ಮ 58 ಮೈಕ್ರೋಸೆಕೆಂಡು ಇದರ ಮೂರು ಸಾವಿರ ಪಟ್ಟಿಗೂ ಹೆಚ್ಚು! ಆದುದರಿಂದ ಈ ಕೆಲಸಕ್ಕೆ ಇನ್ನೂ ದೊಡ್ಡ ಸಂಖ್ಯೆಗೆ ಹಣ ಸುರಿಯುವುದು ವ್ಯರ್ಥ.

ಇದಕ್ಕಿಂತ ಮುಖ್ಯವಾದುದು ನೆನಪು. ಆದೇಶವು ಕ್ಷಣದಲ್ಲಿ ಬಂದು ಹೋಗುತ್ತದೆ, ಮುಂದಿನದು ಬೇರೆಯಾಗಿರಬಹುದು. ಹಳೆಯ ಮಾದರಿಯ ಕ್ಯಾಥೋಡ್ ಕಿರಣದ ಆಸಿಲೋಸ್ಕೋಪಿನಲ್ಲಿ ‘1’ ಮತ್ತು ‘0’ಗಳು ಒಂದರ ಮೇಲೊಂದು ಬಿದ್ದು ಕಾಣುತ್ತವೆ. ಅಲೆಯು ಸರಿಯಾಗಿದೆಯೇ ಎಂದು ನೋಡಲು ಅದು ಸಾಕು. ಆದೇಶವನ್ನು ಓದಲು ಸಾಲದು. ಓದಲು, ಒಮ್ಮೆ ಹಿಡಿದುದನ್ನು ಪರದೆಯ ಮೇಲೆ ನಿಲ್ಲಿಸುವ ಡಿಜಿಟಲ್ ಯಂತ್ರವೇ ಬೇಕು. ಮೈಕ್ರೋಸೆಕೆಂಡಿಗೆ ಒಂದು ಬಿಂದುವಿನಂತೆ ದಾಖಲಿಸಿದರೆ ಒಂದು ಆದೇಶಕ್ಕೆ ಸುಮಾರು 6,000 ಬಿಂದುಗಳಾಗುತ್ತವೆ. 10,000 ಬಿಂದುಗಳ ನೆನಪಿದ್ದರೆ ಕೆಲಸ ನಡೆಯುತ್ತದೆ.

ಎರಡು ಚಾನೆಲುಗಳಂತೂ ಇರಲೇಬೇಕು. ಇದರ ಕಾರಣವನ್ನು ವಿದ್ಯಾರ್ಥಿಗಳು ಎಚ್ಚರದಿಂದ ಗಮನಿಸತಕ್ಕದ್ದು. ಗೋಡೆಯ ವಿದ್ಯುತ್ತಿನಿಂದ ನಡೆಯುವ ಸಾಮಾನ್ಯ ಆಸಿಲೋಸ್ಕೋಪಿನಲ್ಲಿ ಎರಡು ಪ್ರೋಬುಗಳ ಭೂಸಂಪರ್ಕದ ಕ್ಲಿಪ್ಪುಗಳೂ ಯಂತ್ರದೊಳಗೆ ಒಂದಾಗಿ ಸೇರಿ, ಭೂಮಿಗೂ ಸೇರಿರುತ್ತವೆ. ಒಂದು ಕ್ಲಿಪ್ಪನ್ನು ಒಂದು ಹಳಿಗೂ ಇನ್ನೊಂದನ್ನು ಇನ್ನೊಂದು ಹಳಿಗೂ ಕಚ್ಚಿಸಿದರೆ ಎರಡು ಹಳಿಗಳನ್ನೂ ತಂತಿಯಿಂದ ಕಟ್ಟಿದಂತೆಯೇ ಸರಿ! ಒಂದೇ ಕ್ಲಿಪ್ಪನ್ನು ಹಳಿಗೆ ಹಾಕಿದರೂ, ನಿಯಂತ್ರಕವೋ ಅದಕ್ಕೆ ಸೇರಿದ ಕಂಪ್ಯೂಟರೋ ಭೂಸಂಪರ್ಕ ಹೊಂದಿದ್ದ ಪಕ್ಷದಲ್ಲಿ ಅಪಾಯ ತಪ್ಪಿದ್ದಲ್ಲ. ಇದಕ್ಕೆ ಉಪಾಯವೆಂದು ಆಸಿಲೋಸ್ಕೋಪಿನ ಪ್ಲಗ್ಗಿನ ಭೂಸಂಪರ್ಕವನ್ನು ಕತ್ತರಿಸುವವರಿದ್ದಾರೆ. ಹಾಗೆ ಎಂದಿಗೂ ಮಾಡಕೂಡದು. ಯಂತ್ರದ ಲೋಹದ ಮೈಯೇ ಪ್ರಾಣಕ್ಕೆ ಮುಳುವಾದೀತು.

ಸರಿಯಾದ ದಾರಿ ಸುಲಭವಾಗಿದೆ. ಕ್ಲಿಪ್ಪುಗಳನ್ನು ಹಳಿಗೆ ತಾಗಿಸದೆ, ಎರಡು ಪ್ರೋಬುಗಳ ತುದಿಗಳನ್ನು ಮಾತ್ರ ಎರಡು ಹಳಿಗಳಿಗೆ ಮುಟ್ಟಿಸಿ, ಒಂದು ಚಾನೆಲಿನಿಂದ ಇನ್ನೊಂದನ್ನು ಕಳೆಯುವಂತೆ ಯಂತ್ರವನ್ನು ಅಣಿಗೊಳಿಸಬೇಕು. ಪರದೆಯ ಮೇಲೆ ಹಳಿಗಳ ನಡುವಣ ನಿಜವಾದ ಅಲೆ ಮೂಡುತ್ತದೆ. ಅದರ ಅರ್ಧಗಳು 58 ಮತ್ತು 100 ಎಂದು ಶುಚಿಯಾಗಿ ಕಂಡರೆ ಆಜ್ಞೆಯು ಹಳಿಯವರೆಗೆ ನೆಟ್ಟಗೆ ಬಂದಿದೆ ಎಂದರ್ಥ. ದೋಷವನ್ನು ಇನ್ನು ಎಂಜಿನಿನಲ್ಲಿಯೇ ಹುಡುಕಬೇಕು. ಚಕ್ರಗಳನ್ನು ಒರೆಸುವುದರಿಂದಲೇ ಆ ಕೆಲಸವನ್ನು ಆರಂಭಿಸೋಣ.