ಲೇಹ್ ದಾರಿಯಲ್ಲಿ ರಾತ್ರಿ ತಂಗುವುದೆಲ್ಲಿ?

ಮನಾಲಿಯಿಂದ ಲೇಹ್‌ಗೆ ಹೋಗುವ ರಸ್ತೆಯಲ್ಲಿ ಪ್ರಪಾತಕ್ಕೆ ಹೆದರುವವರೂ ಸರ್ಚುವಿನ ಡೇರೆಗಳಲ್ಲಿ ನಿಶ್ಚಿಂತೆಯಿಂದ ಮಲಗುತ್ತಾರೆ. ಮನಾಲಿಯ ಎತ್ತರ ಸುಮಾರು 2,050 ಮೀಟರ್, ಸರ್ಚುವಿನದು ಸುಮಾರು 4,290. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕರಾವಳಿಯಲ್ಲಿ ಸಿಗುವುದರ ಶೇ. 60ರಷ್ಟು ಮಾತ್ರ. ನಿದ್ರೆಯಲ್ಲಿ ರಕ್ತದ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ. ವ್ಯಾಯಾಮದ ಮೈಕಟ್ಟಿನವರಿಗೂ ಇದರಲ್ಲಿ ರಿಯಾಯಿತಿ ಇಲ್ಲ.

ತಲೆನೋವು, ವಾಕರಿಕೆ, ಊಟ ಸೇರದಿರುವುದು ಮೊದಲ ಲಕ್ಷಣಗಳು. ಪ್ರಯಾಣದ ಆಯಾಸವೆಂದು ತಳ್ಳಿಹಾಕಬೇಡಿ. ಕುಳಿತಲ್ಲೇ ಏದುಸಿರು, ಬಿಡದ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ನಡಿಗೆ ತೂರಾಡಿದರೆ ಮಿದುಳು ಊದಿಕೊಳ್ಳುತ್ತಿರಬಹುದು. ಬೆಳಗಾಗಲೆಂದು ಕಾಯದೆ ರೋಗಿಯನ್ನು ಕೆಳಗಿಳಿಸಬೇಕು. ಸರ್ಚುವಿನ ತೊಡಕು ಇಲ್ಲೇ ಇದೆ: ಒಂದು ಕಡೆ ಬಾರಾಲಾಚಾ, ಇನ್ನೊಂದು ಕಡೆ ಲಾಚುಲುಂಗ್, ಇಳಿಯಬೇಕಾದರೂ ಇನ್ನೂ ಎತ್ತರದ ಕಣಿವೆಮಾರ್ಗವನ್ನು ಹತ್ತಿಯೇ ಇಳಿಯಬೇಕು.

ಆದ್ದರಿಂದ ಸುಮಾರು 3,100 ಮೀಟರ್ ಎತ್ತರದ ಕೇಲಾಂಗ್‌ನಲ್ಲಿ ಎರಡು ರಾತ್ರಿ ಕಳೆದು, ಮೂರನೆಯ ದಿನ ನಸುಕಿನಲ್ಲೇ ಹೊರಟು ಲೇಹ್ ಸೇರಿಬಿಡಿ. ಲೇಹ್ ಇರುವುದು 3,500 ಮೀಟರ್‌ನಲ್ಲಿ. ಮದ್ಯ, ನಿದ್ರೆ ಮಾತ್ರೆ ಬೇಡ. ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ತಿಳಿಸಬೇಕು. ಮಾತು ಬಾರದ ಮಗು ತಲೆನೋವೆಂದು ಹೇಳಲಾರದು. ಅದು ಸುಮ್ಮಸುಮ್ಮನೆ ರಚ್ಚೆ ಹಿಡಿದರೆ, ಹಾಲು ಬೇಡವೆಂದರೆ ಅದನ್ನೇ ಲಕ್ಷಣವೆಂದು ತಿಳಿಯಿರಿ.