ಗಾಡಿ ಕುದುರೆಯ ಪಂದ್ಯ: ಅಂಕಿಗಳನ್ನು ಓದುವ ಬಗೆ

ಅಂಕಿಗಳು ಸುಳ್ಳಾಡುವುದಿಲ್ಲವೆಂಬ ನಂಬಿಕೆ ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಆದರೆ ಅಂಕಿಯು ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಕೇಳದೆ ಉಳಿದುದನ್ನು ತಾನಾಗಿ ಹೇಳದು. ಈ ಮಾತನ್ನು ಮನಗಾಣಲು ಅಮೆರಿಕದ ಹಾರ್ನೆಸ್ ಪಂದ್ಯದ, ಎಂದರೆ ಗಾಡಿ ಕುದುರೆಯ ಓಟದ, ದಾಖಲೆಗಳು ತಕ್ಕ ನಿದರ್ಶನವಾಗಿವೆ.

ಈ ಪಂದ್ಯದಲ್ಲಿ ಸವಾರನು ಕುದುರೆಯ ಬೆನ್ನೇರುವುದಿಲ್ಲ. ‘ಸಲ್ಕಿ’ ಎಂಬ ಎರಡು ಗಾಲಿಯ ಹಗುರವಾದ ಗಾಡಿಯಲ್ಲಿ ಕುಳಿತು ಸಾರಥಿಯು ಲಗಾಮು ಹಿಡಿಯುತ್ತಾನೆ. ಕುದುರೆಯು ನಾಗಾಲೋಟಕ್ಕೆ ಬೀಳುವಂತಿಲ್ಲ. ಅದರ ನಡೆ ಎರಡು ಬಗೆ: ಮುಂಗಾಲೊಂದೂ ಎದುರು ಮಗ್ಗುಲಿನ ಹಿಂಗಾಲೂ ಒಟ್ಟಿಗೆ ಏಳುವ ‘ಟ್ರಾಟ್’, ಒಂದೇ ಮಗ್ಗುಲಿನ ಎರಡು ಕಾಲುಗಳು ಒಟ್ಟಿಗೆ ಏಳುವ ‘ಪೇಸ್’. ಪಂದ್ಯದ ದೂರ ಸಾಮಾನ್ಯವಾಗಿ ಒಂದು ಮೈಲಿ. 1879ರಲ್ಲಿ ಅಲ್ಲಿನ ತಳಿಗಾರರು ಒಂದು ಮೈಲಿಗೆ 2 ನಿಮಿಷ 30 ಸೆಕೆಂಡುಗಳ ಮಾನದಂಡವನ್ನು ಗೊತ್ತುಪಡಿಸಿದರು. ‘ಸ್ಟ್ಯಾಂಡರ್ಡ್‌ಬ್ರೆಡ್’ ಎಂಬ ತಳಿಯ ಹೆಸರು ಈ ಮಾನದಂಡದಿಂದಲೇ ಬಂದುದು.

ಓಟದ ದಿನ ಜನರ ಕಣ್ಣಿಗೆ ಬೀಳುವವನು ಸಾರಥಿ. ಕುದುರೆಯ ಮೇವು, ವ್ಯಾಯಾಮ, ಲಾಳ, ಆರೋಗ್ಯ ಇವೆಲ್ಲವುಗಳ ಹೊಣೆ ತರಬೇತುದಾರನದು. 1939ರಲ್ಲಿ ಸ್ಥಾಪಿತವಾದ ಯುನೈಟೆಡ್ ಸ್ಟೇಟ್ಸ್ ಟ್ರಾಟಿಂಗ್ ಅಸೋಸಿಯೇಷನ್ ಓಟಗಳ ದಾಖಲೆಯನ್ನು ಇಡುತ್ತ ಬಂದಿದೆ. ಹಿಂದೆ ದಪ್ಪ ಸಂಪುಟಗಳನ್ನು ತಿರುವಿ ಹುಡುಕಬೇಕಾಗಿದ್ದುದನ್ನು ಇಂದು ಗಣಕಯಂತ್ರವು ಕ್ಷಣದಲ್ಲಿ ಒದಗಿಸುತ್ತದೆ. ತರಬೇತುದಾರನ ಹೆಸರನ್ನೂ ವರ್ಷವನ್ನೂ ಕೊಟ್ಟರೆ ಓಟಗಳ ಸಂಖ್ಯೆ, ಪ್ರಥಮ, ದ್ವಿತೀಯ, ತೃತೀಯ ಸ್ಥಾನಗಳು, ಗಳಿಸಿದ ಹಣ ಇವು ಸಾಲಾಗಿ ಮೂಡುತ್ತವೆ. ಇವನ್ನು ಹೆಚ್ಚಾಗಿ ಹುಡುಕುವವರು ಕುದುರೆಯ ಒಡೆಯರು ಮತ್ತು ಪಣ ಕಟ್ಟುವವರು. ಜೂಜು ವಿದ್ಯಾರ್ಥಿಗೆ ವರ್ಜ್ಯ; ಆದರೆ ಲೆಕ್ಕದ ಕ್ರಮವು ಗ್ರಾಹ್ಯ.

ಸಾಲಿನಲ್ಲಿ ‘ರೇಟಿಂಗ್’ ಎಂಬ ಒಂದು ದಶಮಾಂಶವೂ ಇರುತ್ತದೆ. ಅದನ್ನು ಪಡೆಯುವ ಬಗೆ ಹೀಗೆ: ಪ್ರಥಮ ಸ್ಥಾನಕ್ಕೆ 9, ದ್ವಿತೀಯಕ್ಕೆ 5, ತೃತೀಯಕ್ಕೆ 3 ಅಂಕಗಳನ್ನಿತ್ತು, ಆ ಮೊತ್ತವನ್ನು ಓಟಗಳ ಸಂಖ್ಯೆಯ 9 ಪಟ್ಟಿನಿಂದ ಭಾಗಿಸಬೇಕು. ಎಲ್ಲ ಓಟಗಳನ್ನೂ ಗೆದ್ದವನಿಗೆ 1.000 ದೊರೆಯುತ್ತದೆ. ಮೂವರು ಕಲ್ಪಿತ ತರಬೇತುದಾರರನ್ನು ತೆಗೆದುಕೊಳ್ಳೋಣ.

ಮೊದಲನೆಯವನು: ಓಟ 400, ಪ್ರಥಮ 80, ದ್ವಿತೀಯ 60, ತೃತೀಯ 50. ಅಂಕಗಳು 720 + 300 + 150 = 1170. ಇದನ್ನು 3600ರಿಂದ ಭಾಗಿಸಿದರೆ 0.325.

ಎರಡನೆಯವನು: ಓಟ 100, ಪ್ರಥಮ 24, ದ್ವಿತೀಯ 16, ತೃತೀಯ 12. ಅಂಕಗಳು 216 + 80 + 36 = 332. ಇದನ್ನು 900ರಿಂದ ಭಾಗಿಸಿದರೆ 0.369.

ಮೂರನೆಯವನು: ಓಟ 4, ಪ್ರಥಮ 2. ಅಂಕಗಳು 18. ಇದನ್ನು 36ರಿಂದ ಭಾಗಿಸಿದರೆ 0.500.

ಗೆಲುವಿನ ಎಣಿಕೆಯಲ್ಲಿ ಮೊದಲನೆಯವನು ಶ್ರೇಷ್ಠ, ರೇಟಿಂಗಿನಲ್ಲಿ ಮೂರನೆಯವನು. ಆದರೆ ಮೂರನೆಯವನು ಮುಂದಿನ ಎರಡು ಓಟಗಳಲ್ಲಿ ಯಾವ ಸ್ಥಾನವನ್ನೂ ಪಡೆಯದಿದ್ದರೆ ಅವನ ರೇಟಿಂಗ್ 0.333ಕ್ಕೆ ಇಳಿಯುತ್ತದೆ. ಮೊದಲನೆಯವನಿಗೆ ಅಂಥ ಎರಡು ಸೋಲುಗಳು ಒದಗಿದರೂ 0.323 ಉಳಿಯುತ್ತದೆ. ಛೇದವು ಚಿಕ್ಕದಾದಷ್ಟೂ ಸರಾಸರಿ ಚಂಚಲ. ಆದುದರಿಂದ ರೇಟಿಂಗನ್ನು ನೋಡುವ ಮುನ್ನ ಓಟಗಳ ಸಂಖ್ಯೆಯನ್ನು ನೋಡಬೇಕೆಂಬುದು ಮೊದಲ ನಿಯಮ.

ಲೆಕ್ಕವು ಸರಿಯಾಗಿದ್ದರೂ ಅದರೊಳಗೆ ಬಾರದ ಸಂಗತಿಗಳಿವೆ. ದುರ್ಬಲ ಕುದುರೆಗಳ ನಡುವಿನ ಗೆಲುವಿಗೂ ಬಲಿಷ್ಠರ ನಡುವಿನ ಗೆಲುವಿಗೂ ಈ ಸೂತ್ರವು 9 ಅಂಕಗಳನ್ನೇ ಕೊಡುತ್ತದೆ. ಮೇಲಾಗಿ ‘ಕ್ಲೇಮಿಂಗ್’ ಎಂಬ ಪಂದ್ಯಗಳಲ್ಲಿ ಓಟಕ್ಕಿಳಿದ ಕುದುರೆಯನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಮತ್ತೊಬ್ಬ ಒಡೆಯನು ಕೊಳ್ಳಬಹುದು. ಆಗ ತರಬೇತುದಾರನೂ ಬದಲಾಗುವುದುಂಟು. ವರ್ಷಗಟ್ಟಲೆ ಅದನ್ನು ಪಳಗಿಸಿದವನಿಗೆ ಮುಂದಿನ ಗೆಲುವಿನಲ್ಲಿ ಪಾಲಿಲ್ಲ. ಓಟದ ದಿನ ಯಾರ ಹೆಸರಿದೆಯೋ ಅವನಿಗೇ ಅಂಕ. ನಸುಕಿನಲ್ಲೆದ್ದು ಮೈಯುಜ್ಜಿ ಲಾಯ ಗುಡಿಸಿದ ಆಳಿನ ಹೆಸರಂತೂ ಯಾವ ಕಾಲಂನಲ್ಲಿಯೂ ಇಲ್ಲ.

ಗೆಲುವು ಯಾವ ಮಾರ್ಗದಿಂದ ಬಂದಿತೆಂಬುದನ್ನೂ ಅಂಕಿ ತಿಳಿಸದು. 2020ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ಸಂಯುಕ್ತ ಸರ್ಕಾರದ ಅಭಿಯೋಜಕರು ಕುದುರೆಗಳಿಗೆ ಉದ್ದೀಪನ ಮದ್ದುಗಳನ್ನಿತ್ತ ಜಾಲವೊಂದನ್ನು ಬಯಲಿಗೆಳೆದು 27 ಮಂದಿಯ ಮೇಲೆ ಆರೋಪ ಹೊರಿಸಿದರು. ಅವರಲ್ಲಿ ಹಾರ್ನೆಸ್ ಪಂದ್ಯದ ತರಬೇತುದಾರರೂ ಪಶುವೈದ್ಯರೂ ಇದ್ದರು. ಹಲವರು ಬಳಿಕ ತಪ್ಪೊಪ್ಪಿಕೊಂಡರು. ಮೂಕಪ್ರಾಣಿಯ ನೋವನ್ನು ಮರೆಮಾಡಿ ಪಡೆದ ಗೆಲುವಿಗೂ ಪ್ರಾಮಾಣಿಕ ಶ್ರಮದ ಗೆಲುವಿಗೂ ಸೂತ್ರದಲ್ಲಿ ಒಂದೇ ಬೆಲೆ.

ಶಾಲೆಗಳ ಫಲಿತಾಂಶವನ್ನು ಅಳೆಯುವಾಗಲೂ ಈ ವಿವೇಕ ಬೇಕು. ಶೇಕಡಾ ನೂರು ಎಂದೊಡನೆ ಎಷ್ಟು ಮಕ್ಕಳು ಪರೀಕ್ಷೆಗೆ ಕುಳಿತರು, ಎಂಥ ಮನೆಗಳಿಂದ ಬಂದವರು, ಹಿಂದುಳಿದವರನ್ನು ಮೊದಲೇ ಹೊರಗಿಟ್ಟರೆ ಎಂದು ಕೇಳಬೇಕು. ಕೆಳಗಿನ ತರಗತಿಯಲ್ಲಿ ಅಕ್ಷರ ತಿದ್ದಿಸಿದ ಗುರುವಿನ ಕಾಯಕವೂ, ಪ್ರಸಾದ ನಿಲಯದಲ್ಲಿ ಅನ್ನ ಬೇಯಿಸಿದ ಕೈಗಳ ದಾಸೋಹವೂ ಆ ಶೇಕಡಾದಲ್ಲಿ ಕಾಣವು. ಅವು ಕಾಣದಿರುವುದು ಅಂಕಿಯ ದೋಷವಲ್ಲ. ಕಾಣದುದನ್ನು ಇಲ್ಲವೆಂದು ತಿಳಿಯುವುದು ಓದುವವನ ದೋಷ. ಭಾಗಾಕಾರವನ್ನು ಯಂತ್ರವು ತಪ್ಪಿಲ್ಲದೆ ಮಾಡಬಲ್ಲದು. ಛೇದದಲ್ಲಿ ಯಾರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ ಎಂದು ಕೇಳುವ ಬುದ್ಧಿಯನ್ನು ಮಕ್ಕಳಲ್ಲಿ ಬೆಳೆಸುವ ಹೊಣೆ ಶಿಕ್ಷಣದ್ದು.